ಕಿಟಕಿಯ ಆಚೆ ಬದಿ

ಜೂನ್ ಹನ್ನೊಂದು, ಗುರುವಾರ. ಪರಿಹಾರ ಸಂಘದ ಕಚೇರಿ, ಕಾಣೆಯಾದವರ ವಿಭಾಗ. ಊಟದ ಬಿಡುವು.

ಪ್ರೀತಿಯ ದೊಡ್ಡಮ್ಮ,

ಸಂಘಕ್ಕೆ ಎಪ್ಪತ್ತೈದು ತುಂಬುತ್ತಿದೆ. ಅದರ ಚರಿತ್ರೆಯನ್ನು ಎರಡು ಪುಟದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. "ಡೇರೆ ಎಷ್ಟು, ಕಂಬಳಿ ಎಷ್ಟು, ರಕ್ತದ ಬಾಟಲಿ ಎಷ್ಟು, ಅಷ್ಟು ಬರೀರಿ ಸಾಕಮ್ಮ, ಕಥೆ ಹೊಡೀಬೇಡಿ" ಎಂದರು ಕಾರ್ಯದರ್ಶಿ. ಬರೆದೆ. ಯುದ್ಧದ ವರ್ಷ ಒಂಬತ್ತು ದಾದಿಯರು ಶಾಲೆಯೊಂದರ ಹಜಾರದಲ್ಲಿ ಸಂಘ ಶುರುಮಾಡಿದ್ದು, ಗಾಯಾಳುಗಳನ್ನು ಹಾಲಿನ ವ್ಯಾನಿನಲ್ಲಿ ಸಾಗಿಸಿದ್ದು, ಎರಡೂ ಕಡೆಯ ಸೈನಿಕರನ್ನು ಅಕ್ಕಪಕ್ಕದ ಮಂಚಗಳಲ್ಲಿ ಮಲಗಿಸಿದ್ದು. ನಮ್ಮ ವಿಭಾಗಕ್ಕೆ ಒಂದೇ ಸಾಲು: ಕಾಣೆಯಾದ ನಾಲ್ಕು ಸಾವಿರದ ಹನ್ನೆರಡು ಜನರನ್ನು ಮನೆಯವರಿಗೆ ಸೇರಿಸಿದೆ.

ಆ ಒಂದು ಸಾಲಿನ ಹಿಂದೆ ನೀನು ಮೂವತ್ತೊಂದು ವರ್ಷ ಕೂತಿದ್ದೆ. ಕಾಣೆಯಾದ ಒಬ್ಬೊಬ್ಬರಿಗೂ ಒಂದೊಂದು ಕಾರ್ಡು ಬರೆದಿಡುತ್ತಿದ್ದ ನೀನು ಕಚೇರಿಗೆಲ್ಲ ಕಾರ್ಡಮ್ಮ. ದೊಡ್ಡ ಅಧಿಕಾರಿಯೊಬ್ಬರು ಸಾಲು ಬಿಟ್ಟು ಒಳಗೆ ನುಗ್ಗಿ, ತಮ್ಮ ಅಣ್ಣನ ಕಾರ್ಡನ್ನು ಮೊದಲು ನೋಡಿ ಎಂದಾಗ, "ಸ್ವಾಮಿ, ನಿಮ್ಮಣ್ಣ ಕಳೆದುಹೋಗೋವಾಗ ಅಧಿಕಾರಿಗಳ ಅಣ್ಣ ಅಂತ ಕಳೆದುಹೋದ್ರಾ? ಚೀಟಿ ತಗೊಂಡು ಬೆಂಚಲ್ಲಿ ಕೂತ್ಕೊಳ್ಳಿ" ಎಂದೆಯಂತೆ. ಆಂಬುಲೆನ್ಸ್ ಡ್ರೈವರ್ ಮಾಮ ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ.

ಬೆಳಿಗ್ಗೆ, ಈ ತಿಂಗಳು ರದ್ದಾಗಬೇಕಾದ ಕಾರ್ಡುಗಳು ನನ್ನ ಮೇಜಿಗೆ ಬಂದವು. ಮನೆಯವರು ಹತ್ತು ವರ್ಷ ಬಂದಾಗಲಿ ಬರೆದಾಗಲಿ ಕೇಳದಿದ್ದರೆ ಕಾರ್ಡು ಮುಚ್ಚುವುದು ನಿಯಮ, ಸಹಿ ನನ್ನದು. ಹದಿನೇಳನೆಯದರಲ್ಲಿ ಅಮ್ಮನ ಹೆಸರಿತ್ತು. ಕಾಣೆಯಾದದ್ದು: ಪ್ರವಾಹದಲ್ಲಿ, ಸೇತುವೆಯ ಬಳಿ. ಕೇಳುವವರು: ಅಕ್ಕ. ಕೆಳಗೆ ಒಂದೊಂದು ಜೂನ್‌ಗೂ ಒಂದೊಂದು ಚೀಟಿಯ ಸಂಖ್ಯೆ. ೪೩. ೧೯. ೬೭.

ಅಂದರೆ ಪ್ರತಿ ವರ್ಷ ಒಂದು ದಿನ ರಜೆ ಹಾಕಿ, ಚೀಟಿ ತೆಗೆದುಕೊಂಡು, ಒಂದು ವರ್ಷವಂತೂ ಅರವತ್ತಾರು ಜನರ ಹಿಂದೆ ಕಾದು, ನಿನ್ನದೇ ಕಿಟಕಿಯ ಮುಂದೆ ನಿಂತು, ನಿನ್ನ ಕುರ್ಚಿಯಲ್ಲಿ ಕೂತ ಬೇರೊಬ್ಬರನ್ನು ತಂಗಿಯ ಬಗ್ಗೆ ಕೇಳಿದ್ದೀಯ. ಎರಡು ವರ್ಷದ ನನ್ನನ್ನು ತಂದು ಸಾಕಿದವಳು ಮನೆಯಲ್ಲಿ ಒಂದು ದಿನವೂ ಬಾಯಿಬಿಡಲಿಲ್ಲ. ಆ ನಾಲ್ಕು ಸಾವಿರದ ಹನ್ನೆರಡರಲ್ಲಿ ಅಮ್ಮ ಇಲ್ಲ. ಆದರೂ ಕಾರ್ಡು ಹಿಡಿದು ಕೂತಾಗ ನನಗಾದದ್ದು ದುಃಖಕ್ಕಿಂತ ಹೆಚ್ಚಾಗಿ ಹೆಮ್ಮೆ.

ಕೊನೆಯ ಸಂಖ್ಯೆಗೆ ನಾಳೆ ಹತ್ತು ವರ್ಷ. ನಿನ್ನ ಮಂಡಿ ಮೆಟ್ಟಿಲು ಹತ್ತಲಾರದೆ ಹೋದದ್ದೂ ನಾನು ಇಲ್ಲಿ ಸೇರಿದ್ದೂ ಆ ವರ್ಷವೇ. ಅಂಚೆಯಲ್ಲಿ ಕೇಳಬಹುದಿತ್ತು. ಲಕೋಟೆ ಒಡೆಯುವವಳು ನಾನೆಂದು ನೀನು ಸುಮ್ಮನಾದೆ, ಅಲ್ಲವೇ?

ಕೂತಲ್ಲೇ ಒಂದು ದಿನಾಂಕ ಗೀಚಿದರೆ ಕಾರ್ಡು ಉಳಿಯುತ್ತದೆ, ಯಾರಿಗೂ ತಿಳಿಯದು. ಆಮೇಲೆ ನಿನ್ನ ಮುಖ ನೋಡುವುದು ಹೇಗೆ? ಅದಕ್ಕೇ ನಾಳೆ ಅರ್ಧ ದಿನ ರಜೆ ಬರೆದಿದ್ದೇನೆ. ಚೀಟಿ ತೆಗೆದುಕೊಂಡು ಬೆಂಚಿನಲ್ಲಿ ಕೂರುತ್ತೇನೆ. ಸರದಿ ಬಂದಾಗ ಕಿಟಕಿಯ ಆಚೆ ಬದಿಯಿಂದ ಕೇಳಿ, ಅಕ್ಕ ಎಂದಿರುವ ಕಡೆ ಪಕ್ಕದಲ್ಲೇ ಮಗಳು ಎಂದು ಬರೆಸುತ್ತೇನೆ.

ನಿನ್ನ ಮಂಡಿ ನೋವು ಇಳಿಯಲಿ, ನಿನ್ನ ಹಟ ನೂರು ವರ್ಷ ಬಾಳಲಿ.

ಇಂತು,
ಸದ್ಯಕ್ಕೆ ನಿನ್ನ ಕುರ್ಚಿಯಲ್ಲಿ ಕೂತಿರುವವಳು