ಬಾಳವ್ವ ಅತಿಥಿಯಲ್ಲ

೩೦ ಫೆಬ್ರವರಿ ೨೨೧೧, ಮಂಗಳವಾರ

ಮುರಿಗೆಪ್ಪಜ್ಜನಿಗೆ,

ತಾರೀಖು ನೋಡಿ ನಗಬೇಡ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತು ನಿನಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ, ಬೇರೆ ಯಾವುದಕ್ಕೂ ಇಲ್ಲ. ನಾನು ಚಂಪವ್ವ, ನಿನ್ನ ಏಳನೆಯ ತಲೆಮಾರಿನವಳು. ಹಿಂದಿನವರಿಗೆ ಕಾಗದ ಬರೆಯಲು ನಮಗೆ ಜೀವಮಾನದಲ್ಲಿ ಒಂದೇ ಅವಕಾಶ. ಎಲ್ಲರೂ ಪ್ರೀತಿಯ ಅಜ್ಜಿಗೆ ಬರೆಯುತ್ತಾರೆ. ನಾನು ನಿನಗೆ ಬರೆಯುತ್ತಿದ್ದೇನೆ, ಏಕೆಂದರೆ ನಿನ್ನಷ್ಟು ಬೈಸಿಕೊಳ್ಳಬೇಕಾದವರು ನಮ್ಮ ವಂಶದಲ್ಲಿ ಇನ್ನೊಬ್ಬರಿಲ್ಲ.

ಈ ಕಾಗದ ಸಿಕ್ಕ ಮರುದಿನ ನೀನು ಹಾಸ್ಟೆಲ್ ಆಫೀಸಿನಲ್ಲಿ ಕುಳಿತು ವೈಫೈಗೆ ಪ್ರೊಫೈಲ್ ಮಾಡುತ್ತೀಯ. ಯಾರಿಗೆ ಎಷ್ಟು ವೇಗ, ದಿನಕ್ಕೆ ಎಷ್ಟು ಹೊತ್ತು, ಏನೇನು ನೋಡಬಹುದು ಎಂದು ಬರೆದು ಸಿಬ್ಬಂದಿ, ವಿದ್ಯಾರ್ಥಿ, ಅತಿಥಿ ಎಂದು ಮೂರು ಪಾಲು ಮಾಡುತ್ತೀಯ. ಅಡುಗೆಯ ಬಾಳವ್ವನಿಗೆ ಸಿಬ್ಬಂದಿ ಸಂಖ್ಯೆ ಇಲ್ಲವೆಂದು ಅವಳನ್ನು ಅತಿಥಿಗೆ ತಳ್ಳುತ್ತೀಯ. ಆಮೆಯ ವೇಗ, ದಿನಕ್ಕೆ ಅರ್ಧ ತಾಸು. ಅವಳು ಬಂದು ಕೇಳುತ್ತಾಳೆ: "ಸಾಹೇಬ್ರ, ಹದಿನೆಂಟು ವರ್ಷಾತು ನಾ ಇಲ್ಲಿ ರೊಟ್ಟಿ ಬಡ್ಯಾಕತ್ತಿ. ನಾ ಹೆಂಗ್ರೀ ಅತಿಥಿ?" "ಹೆಸರಷ್ಟ ಬಿಡವಾ, ಆಮ್ಯಾಲೆ ಬದ್ಲಿ ಮಾಡ್ತೀನಿ" ಎನ್ನುತ್ತೀಯ. ನಿನ್ನ ಆ ಆಮ್ಯಾಲೆ ಇನ್ನೂ ಬಂದಿಲ್ಲ. ಅಂದು ಮಧ್ಯಾಹ್ನ ಅವಳ ಕೈಯ ಪುಂಡಿಪಲ್ಯವನ್ನು ಎರಡು ಸಲ ಹಾಕಿಸಿಕೊಂಡು ಉಣ್ಣುತ್ತೀಯ. ಉಂಡ ಮನೆಯ ಜಂತೆ ಎಣಿಸಿದವರ ಕಥೆ ಕೇಳಿದ್ದೇನೆ, ಬಡಿಸಿದ ಕೈಯನ್ನೇ ಹೊರಗಿಟ್ಟವನು ನೀನೊಬ್ಬನೇ.

ನೀವು ಇಂಟರ್ನೆಟ್ ಎನ್ನುವುದನ್ನು ನಾವು ಹರಿವು ಎನ್ನುತ್ತೇವೆ. ನೀರಿನ ನಲ್ಲಿ, ಬಸ್ಸಿನ ಬಾಗಿಲು, ಶಾಲೆ, ವೈದ್ಯರು, ಎಲ್ಲವೂ ಈಗ ಅದರ ಮೂಲಕವೇ. ನಿನ್ನ ಹಾಸ್ಟೆಲಿನ ಫೈಲನ್ನು ಊರು ನಕಲು ಮಾಡಿತು, ಊರಿನದನ್ನು ಜಿಲ್ಲೆ ನಕಲು ಮಾಡಿತು. ನಡೆಯುತ್ತಿರುವುದನ್ನು ಮುಟ್ಟಬಾರದು ಎಂಬುದು ಕಂಪ್ಯೂಟರ್ ನೋಡಿಕೊಳ್ಳುವ ನಿನ್ನ ಕಸುಬಿನವರ ವೇದವಾಕ್ಯವಂತೆ. ಪದೇ ಪದೇ ಟೈಪು ಮಾಡುವ ಬೇಸರಕ್ಕೆ ನೀನು ಬರೆದ ಎರಡು ನಿಯಮಗಳೂ ಹಾಗೆಯೇ ಉಳಿದವು. ಹಳೆಯ ಖಾತೆಯಿಂದ ಹೊಸ ಖಾತೆ ತೆರೆದರೆ ಅದೇ ಪ್ರೊಫೈಲ್ ಬರಲಿ, ಒಬ್ಬರಿಗೇ ಎರಡು ಪ್ರೊಫೈಲ್ ಬಂದರೆ ಕೆಳಗಿನದು ಉಳಿಯಲಿ. ಆಮೇಲೆ ನಿನ್ನ ಮೊಮ್ಮಗ ಬಾಳವ್ವನ ಮೊಮ್ಮಗಳನ್ನು ಮದುವೆಯಾದ. ಕೂಸಿನ ಖಾತೆ ತೆರೆಯುವುದು ತಂದೆತಾಯಿಯ ಖಾತೆಯಿಂದ, ಹಾಗಾಗಿ ಅವರ ಮಕ್ಕಳೆಲ್ಲ ಅತಿಥಿಗಳಾದರು. ಮಾಡಿದ್ದುಣ್ಣೋ ಮಹಾರಾಯ ಎನ್ನೋಣವೆಂದರೆ, ಮಾಡಿದವನು ನೀನು, ಉಣ್ಣುತ್ತಿರುವವರು ನಾವು.

ನಮ್ಮ ಪಾಲಿಗೆ ಬಂದದ್ದನ್ನು ಅರೆತಾಸು ಎನ್ನುತ್ತೇವೆ. ಮನೆಯಲ್ಲಿ ಐವರಿದ್ದೆವು, ಐದು ಅರೆತಾಸು. ತಮ್ಮನ ಪಾಠ ಮುಗಿಯುವ ಮೊದಲೇ ಅವನದು ಮುಗಿಯುತ್ತಿತ್ತು. ಒಬ್ಬರದು ಇನ್ನೊಬ್ಬರಿಗೆ ಸಲ್ಲದು, ಉಳಿದದ್ದು ನಾಳೆಗೆ ಬಾರದು. ಅವ್ವನಿಗೆ ಎದೆನೋವು ಬಂದ ದಿನ ಅವಳು ನಲ್ಲಿಯಲ್ಲಿ ನೀರು ಹಿಡಿದು ಅರ್ಧ ಖರ್ಚು ಮಾಡಿಕೊಂಡಿದ್ದಳು. ತೆರೆಯ ಮೇಲೆ ವೈದ್ಯರ ಮುಖ ಬಣ್ಣದ ಚೌಕಗಳಾಗಿ ಒಡೆದು ಒಡೆದು ಬಂತು. ಎಲ್ಲಿ ನೋವು ಎಂದು ಅವರು ಕೇಳಿದರು, ಅವ್ವ ಬಾಯಿ ತೆರೆಯುವಷ್ಟರಲ್ಲಿ ತೆರೆ ಆರಿತು. ಮರುದಿನ ಬೆಳಿಗ್ಗೆ ಅವಳ ಹೊಸ ಅರೆತಾಸು ಬಂತು, ಅವಳಿರಲಿಲ್ಲ. ಅಜ್ಜ, ನಿನ್ನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ತಮ್ಮನಿಗೆ ಹೆಣ್ಣುಕೂಸು ಹುಟ್ಟಿ ಹತ್ತು ದಿನವಾಯಿತು. ಗುರುವಾರ ತೊಟ್ಟಿಲಿಗೆ ಹಾಕುತ್ತೇವೆ. ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. ನಿಮ್ಮ ಕಾಲದಲ್ಲಿ ಬರಿಯ ಹೆಸರು ಹೇಳುತ್ತಿದ್ದರಂತೆ. ಈಗ ಮೊದಲು ಪ್ರೊಫೈಲ್ ಹೇಳಬೇಕು. ತೊಟ್ಟಿಲಲ್ಲಿ ಕಟ್ಟಿದ ಯಂತ್ರ ಅದನ್ನು ಕೇಳಿಸಿಕೊಂಡ ಮೇಲೆಯೇ ಕೂಸಿನ ಖಾತೆ ತೆರೆಯುತ್ತದೆ.

ಬಾಳವ್ವನನ್ನು ಸಿಬ್ಬಂದಿಗೆ ಸೇರಿಸು. ಸಂಖ್ಯೆ ಇಲ್ಲದಿದ್ದರೆ ನಿನ್ನದನ್ನೇ ಕೊಡು. ಅವಳು ಬಡಿಸಿದ ಅಷ್ಟು ವರ್ಷದ ಊಟ ಇನ್ನೂ ನಿನ್ನ ಮೈಯಲ್ಲಿದೆ. ಗುರುವಾರ ನಾನು ತೊಟ್ಟಿಲಿಗೆ ಬಗ್ಗುವವರೆಗೆ ಸಮಯವಿದೆ. ನಮ್ಮ ಮನೆಯಲ್ಲೇ ಹುಟ್ಟಿದ ಕೂಸಿನ ಕಿವಿಯಲ್ಲಿ, ನೀನು ಅತಿಥಿ ಎಂದು ನನ್ನ ಬಾಯಿಂದ ಹೇಳಿಸಬೇಡ.

ಚಂಪವ್ವ