ನಿನ್ನ ಕೆರೆ, ನನ್ನ ಕೆರೆ

ಲೋ ಮುನಿರಾಜ, ಹಳೇ ದೋಸ್ತ್,

ಟಿನ್ ಫ್ಯಾಕ್ಟರಿ ಹತ್ರ ಟೀ ಕುಡೀತಾ ಹೇಳಿದ್ದೆಯಲ್ಲ, ಇಂಟರ್ನೆಟ್ಟಲ್ಲಿ ಒಂದು ವಿಶ್ವಕೋಶ ಇದೆ, ಯಜಮಾನ ಇಲ್ಲ, ಯಾರ್ಯಾರದೋ ಕಂಪ್ಯೂಟರಲ್ಲಿ ಹರಡ್ಕೊಂಡಿದೆ, ಒಬ್ಬರು ಬರೆದದ್ದನ್ನ ಇನ್ನೊಬ್ಬರು ಅಳಿಸೋ ಹಾಗಿಲ್ಲ ಅಂತ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನ್ನನ್ನೂ ಎಳೆದೆ. ಯಜಮಾನ ಇಲ್ಲದ ಮನೆ ಹೆಂಗಿರುತ್ತೆ? ಹಂಗೇ ಇತ್ತು. ಮಾರುದ್ದದ ಪಾಸ್‌ವರ್ಡು, ಯಾರ ಕಂಪ್ಯೂಟರಿಗೆ ಸೇರ್ತೀಯ ಅನ್ನೋ ಪ್ರಶ್ನೆ, ಒಂದೇ ವಿಷಯಕ್ಕೆ ಎರಡೆರಡು ಪುಟ. ಯಾವುದು ಓದ್ಲಿ ಅಂದ್ರೆ, ಎರಡೂ ಓದು ಅಂತಿದ್ದೆ.

ನಮ್ಮೂರ ಕೆರೆ ಪುಟಕ್ಕೇ ಅಲ್ವಾ ನಾವಿಬ್ರೂ ಮಾತು ಬಿಟ್ಟಿದ್ದು? ನಿಮ್ಮ ತಾತ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡೋ ನೀರಗಂಟಿ. ನೀರು ಕಮ್ಮಿಯಾದ ವರ್ಷ ಕೊನೇ ಗದ್ದೆಗೇ ಮೊದಲು ಬಿಡ್ತಿದ್ರು ಅಂತ ನೀನು ಬರೆದೆ. ಮೊದಲ ನೀರು ಯಾವತ್ತೂ ತೂಬಿನ ಪಕ್ಕದ ನಮ್ಮ ಗದ್ದೆಗೇ ಅಂತ ನಾನು ಬರೆದೆ.

ಹೋದ ತಿಂಗಳು ನಿನ್ನ ಮಗಳು ಕವಿತಾ ಸಿ.ವಿ. ರಾಮನ್ ನಗರಕ್ಕೆ ಕರೆಸಿದ್ಲು. ಅವಳೂ ಜೊತೆಯವರೂ ಸೇರಿ ವಿಶ್ವಕೋಶಾನ ಸಾಮಾನ್ಯ ಜನಕ್ಕೆ ಅಂತ ಹೊಸದಾಗಿ ಮಾಡ್ತಿದಾರೆ. ಫೋನ್ ಕೊಟ್ಟು, ಸಾಮಾನ್ಯ ಜನ ಅಂದ್ರೆ ನೀವೇ ಮಾಮ, ಒತ್ತಿ ನೋಡಿ ಅಂದ್ಲು. ಬೈಕೊಂಡೇ ಒತ್ತಿದೆ. ಪಾಸ್‌ವರ್ಡಿಲ್ಲ, ಪ್ರಶ್ನೆ ಇಲ್ಲ. ಕೆರೆ ಅಂತ ಹುಡುಕಿದೆ. ಒಂದೇ ಪುಟ. ನಂದು. ನಮ್ಮ ಬಾಣಸವಾಡಿ ನೆಂಟರೆಲ್ಲ ಲೈಕ್ ಒತ್ತಿದ್ದಕ್ಕೆ ಅದೇ ಮುಂದೆ ಬಂತಂತೆ. ನಿಂದೆಲ್ಲಿ ಅಂದ್ರೆ, ಮೂಲೇಲಿ ಮೂರು ಚುಕ್ಕಿ ಒತ್ತಬೇಕು, ‘ಇತರೆ’ ಒಳಗಿದೆ.

"ನಿಮ್ಮಪ್ಪ ಇತರೆನೇನಮ್ಮ?"

"ಎರಡೆರಡು ತೋರಿಸಿದ್ರೆ ಹೊಸಬರಿಗೆ ಗೊಂದಲ ಮಾಮ. ಒಂದೇ ಪುಟ ಇರ್ಲಿ ಅಂತ ಅಪ್ಪನ ಹತ್ರ ಜಗಳ ಆಡ್ತಿದ್ದಿದ್ದು ನೀವೇ ತಾನೆ?"

ಆಡ್ತಿದ್ದೆ. ಎದುರಿಗೆ ನೀನಿದ್ದೆ, ಆಡ್ತಿದ್ದೆ. ಈಗ ನೀನೇ ತೀರ್ಕೊಂಡು, ಎದುರಾಡೋನೇ ಇಲ್ದೆ ಗೆದ್ದು... ಗೊಂದಲವಂತೆ. ಹಲಸೂರು ಮಾರ್ಕೆಟ್ಟಲ್ಲಿ ಸೊಪ್ಪು ತಗೊಳ್ಳೋರು ಎರಡು ಅಂಗಡಿ ನೋಡಲ್ವಾ? ಕೂಗಾಡಿದೆ. ಹಂಗಾದ್ರೆ ನನ್ನ ಪುಟಾನೇ ಕಿತ್ತಾಕು ಅಂದೆ. ಕವಿತಾ ನಿನ್ನ ಥರಾನೇ ಮೂಗು ಕೆರೆದುಕೊಂಡು, ಟೀ ಇಡ್ತೀನಿ ಅಂತ ಒಳಗೆ ಹೋದ್ಲು.

ನಿನ್ನೆ ಹೊಸದನ್ನ ಜನಕ್ಕೆ ಬಿಟ್ರು. ಕೆರೆ ಅಂದ್ರೆ ಎರಡು ಪುಟ, ಅಕ್ಕಪಕ್ಕ. ಮೇಲೊಂದು ಸಾಲು: ‘ಊರಲ್ಲಿ ಇಬ್ಬರು ಎರಡು ಥರ ಹೇಳ್ತಾರೆ.’ ಎಡಗಡೆ ನಿಂದು. ಮೊದಲ ನೀರು ನಮ್ಮ ಗದ್ದೆಗೇ ಕಣೋ, ಅದನ್ನ ನಾನು ತಿದ್ದಲ್ಲ. ಆದ್ರೆ ಓದೋರು ಮೊದಲು ಬರೋದು ನಿನ್ನ ಹತ್ರ.