ಇಬ್ಬರು ತಟ್ಟಿದ ಬಾಗಿಲು

ಗುಫೂಲ್, 1994
ಶುಕ್ರವಾರ ಬೆಳಿಗ್ಗೆ

ಮ್ಯಾನೇಜರ್ ಹರಿನಾಥಣ್ಣನವರಿಗೆ ನಮಸ್ಕಾರ.

ಈ ಕಥೆಯನ್ನು ನಿನ್ನೆ ಚಹಾದ ಹೊತ್ತಿಗೆ ಮೀನಾ ಸಲ್ಮಾನ್ ಬಂದರಿನಲ್ಲಿ ಹೇಳಿದವರು ನಮ್ಮ ಉತ್ತರ ಐರ್ಲೆಂಡಿನ ಫೋರ್‌ಮನ್. ಅವರ ಊರಿನ ಎಂ.ಪಿ. ಒಬ್ಬ ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ ಪಕ್ಷದವನಂತೆ. ಲಂಡನ್ ಪಾರ್ಲಿಮೆಂಟಿನಲ್ಲಿ ಗುಡುಗಿದ; ಯುರೋಪ್ ಬೇಡವೆನ್ನುತ್ತಲೇ ಯುರೋಪಿನ ಪಾರ್ಲಿಮೆಂಟಿಗೂ ಗೆದ್ದು ಹೋದ. ಅವನ ಊರಿನ ಎದುರಾಳಿಯೂ ಅಲ್ಲಿಗೆ ಗೆದ್ದು ಬಂದಿದ್ದ. ಊರಲ್ಲಿ ಮುಖ ನೋಡದ ಆ ಇಬ್ಬರೂ ತಮ್ಮ ರೈತರ ಹಾಲಿನ ಬೆಲೆಗಾಗಿ ಅಲ್ಲಿ ಒಂದೇ ಬಾಗಿಲು ತಟ್ಟಿದರಂತೆ.

ಅಲ್ಲೇ ಇದ್ದ ನನ್ನ ರೂಮಿನ ಚೆನ್ನು ನನ್ನ ಕಡೆ ನೋಡದೆ ಹೇಳಿದ: "ಆ ಎಂ.ಪಿ.ಗೆ ನಮ್ಮ ರೂಮಿನ ಕೆಲವರಿಗಿಂತ ಬುದ್ಧಿ ಉಂಟು ಮಾರಾಯ್ರೆ."

ಮೀನುಸಾರಿಗೆ ಹುಳಿ ಎಷ್ಟು ಹಾಕಬೇಕೆಂದು ಜಗಳವಾದಂದಿನಿಂದ ನಾವಿಬ್ಬರೂ ಬೇರೆ ಬೇರೆ ಒಲೆ ಹಚ್ಚುವುದು ನಿಮಗೆ ಗೊತ್ತು. ನಮ್ಮ ರೂಮಿನ ತಿಲಕನ ಅಮ್ಮ ಊರಲ್ಲಿ ಆಸ್ಪತ್ರೆಯಲ್ಲಿದ್ದಾರೆ. ಅವನು ಹೋಗಿಬರಲು ಆಫೀಸಿನಲ್ಲಿಟ್ಟ ಪಾಸ್‌ಪೋರ್ಟ್ ಕೇಳಿದಾಗ ನೀವು, "ನೀವಿಬ್ಬರು ಒಟ್ಟಿಗೆ ಅವನ ಕೆಲಸ ನೋಡಿಕೊಂಡ್ರೆ ಪಾಸ್‌ಪೋರ್ಟ್ ಕೊಡ್ತೇನೆ. ಆದ್ರೆ ನೀವು ಒಟ್ಟಾಗುದುಂಟಾ?" ಎಂದು ನಕ್ಕಿದ್ದಿರಿ.

ಇವತ್ತು ಬೆಳಿಗ್ಗೆ ನಾವಿಬ್ಬರೂ ಒಂದೇ ಟ್ಯಾಕ್ಸಿಯಲ್ಲಿ ನಿಮ್ಮ ಮನೆಯ ಕೆಳಗೆ ಬಂದಿದ್ದೇವೆ. ವಾಚ್‌ಮನ್ ಮೇಲೆ ಬಿಡುತ್ತಿಲ್ಲ. ಮೆಟ್ಟಿಲ ಬಳಿ ನಿಂತೇ ಬರೆದು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ತಿಲಕನ ವಿಮಾನ ಸಂಜೆಗಿದೆ; ಶುಕ್ರವಾರದ ರಜೆಯೆಂದು ಆಫೀಸಿಗೆ ಬೀಗ. ಆಫೀಸಿನ ಬೀಗದಕೈ ಹಿಡಿದುಕೊಂಡೇ ಇಳಿದು ಬನ್ನಿ.

ಇಂತು,
ಲೋಕಯ್ಯ, ಚೆನ್ನು